ಅತ್ತೆ ಹೊತ್ತ ಹರಕೆ

ನಮ್ಮ ಮನೆಯ ಮಹಡಿಯಲ್ಲಿ ಐದು ವರ್ಷದಿಂದ ಒಂದು ಸಿಖ್ ಸಂಸಾರ ಬಾಡಿಗೆಗಿದೆ. ಗಂಡ ಹೆಂಡತಿ ಇಬ್ಬರೂ ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ಹೋಗುತ್ತಾರೆ. ಅವರ ನಾಲ್ಕು ವರ್ಷದ ಮಗ ಹಗಲೆಲ್ಲ ನಮ್ಮ ಹತ್ತಿರ. ದೊಡ್ಡಬಳ್ಳಾಪುರದ ನೇಕಾರರ ಮನೆ ನಮ್ಮದು. ಕೆಳಗೆ ಎರಡು ಮಗ್ಗ ಸದಾ ಬಡಿಯುತ್ತಿರುತ್ತವೆ. ಆ ಸದ್ದಿನಲ್ಲೇ ನಿದ್ದೆ ಮಾಡಲು ಕಲಿತ ಮಗು ಅದು. ಕೂಸಾಗಿದ್ದಾಗ ಅತ್ತೆ ಕೈಯಲ್ಲಿ ನೂಲು ಸುತ್ತುತ್ತಾ ಕಾಲಲ್ಲಿ ಅವನ ಜೋಲಿ ತೂಗುತ್ತಿದ್ದರು.

ಅವರು ಯಾವ ಜನ ಎಂಬುದೇ ಅತ್ತೆಗೆ ಮೊದಮೊದಲು ಬಗೆಹರಿಯಲಿಲ್ಲ. "ದೀಪಾವಳಿಗೆ ದೀಪ ಹಚ್ತಾರೆ, ಗಣೇಶನ್ನ ಕೂರಿಸಲ್ಲ. ತಲೆ ಮುಚ್ಕೊಂಡು ಪ್ರಾರ್ಥನೆ ಮಾಡ್ತಾರೆ, ಸಾಬರಲ್ಲ. ಇನ್ನೇನೇ ಇವ್ರು?" ಒಂದು ಭಾನುವಾರ ಮಗುವಿನ ಅಮ್ಮನನ್ನೇ ಕೇಳಿಬಿಟ್ಟರು. ಅವಳು ನಕ್ಕು, ಕಲಿತಷ್ಟು ಕನ್ನಡದಲ್ಲಿ ಹೇಳಿದಳು: "ಅಜ್ಜಿ, ನಮ್ದು ಬೇರೆ ಧರ್ಮ. ದೇವರು ಒಬ್ನೇ, ರೂಪ ಇಲ್ಲ. ಗ್ರಂಥಾನೇ ನಮಗೆ ಗುರು. ಅದ್ರಲ್ಲಿ ನಮ್ಮ ಗುರುಗಳ ಮಾತು ಇದೆ, ಹಿಂದೂ ಭಕ್ತರದು ಇದೆ, ಮುಸಲ್ಮಾನ ಸಂತರದೂ ಇದೆ. ಒಬ್ರು ನೇಕಾರರು ಕೂಡ ಇದಾರೆ."

ಅತ್ತೆ ಹಿಡಿದುಕೊಂಡದ್ದು ಕೊನೆಯ ಮಾತನ್ನು ಮಾತ್ರ. "ನೇಯೋರಾ? ಹಂಗಾದ್ರೆ ನಮ್ಮೋರೇ ಬಿಡು!"

ಅವಳು ಮೊದಲು ಹೇಳಿದ 'ಬೇರೆ ಧರ್ಮ' ಎಂಬ ಮಾತನ್ನು ನಾನಾದರೂ ಎತ್ತಿ ಹೇಳಬೇಕಿತ್ತು. ಒಬ್ಬರನ್ನು ನಮ್ಮವರು ಅಂದುಕೊಳ್ಳುವುದು ಒಳ್ಳೆಯದೇ ತಾನೆ ಎಂದು ಸುಮ್ಮನಾದೆ.

ಹೋದ ಮಳೆಗಾಲದಲ್ಲಿ ಮಗುವಿಗೆ ಡೆಂಗ್ಯೂ ಬಂತು. ಮೂರು ದಿನ ಆಸ್ಪತ್ರೆಯಲ್ಲಿ ಕಣ್ಣು ಬಿಡಲಿಲ್ಲ. ಅತ್ತೆ ಅನ್ನ ಬಿಟ್ಟರು. ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರ ಮುಂದಿಟ್ಟರು. ಮಗು ಮನೆಗೆ ಬಂದು ಗಂಜಿ ಕುಡಿದ ದಿನ ನನ್ನ ಕಿವಿಯಲ್ಲಿ ಹೇಳಿದರು: "ಮನೆದೇವ್ರಿಗೆ ಮುಡಿ ಕೊಡ್ಸ್ತೀನಿ ಅಂತ ಹರಕೆ ಹೊತ್ತಿದ್ದೆ ಕಣೇ. ನೋಡು, ಉಳಿಸ್ಕೊಟ್ಟ."

"ಅತ್ತೆ, ಅವರ ಧರ್ಮದಲ್ಲಿ ಕೂದಲು ಕತ್ತರಿಸೋ ಹಾಗಿಲ್ಲ."

"ಕೈ ಕತ್ತರ್ಸು ಅಂದ್ನಾ? ಕೂದ್ಲು ತಾನೆ, ತಿಂಗಳಲ್ಲಿ ಬರ್ತೈತೆ."

"ನೋಡೋಣ ಬಿಡಿ," ಎಂದೆ. ಮೇಲೆ ಹೋಗಿ ಮಗುವಿನ ಅಮ್ಮನಿಗೆ ಹೇಳಲಿಲ್ಲ. ಅತ್ತೆಯೇ ಮರೆಯುತ್ತಾರೆ ಅಂದುಕೊಂಡಿದ್ದೆ.

ಒಂದು ಸೋಮವಾರ ಸೀರೆ ಅಂಗಡಿಗೆ ಹೋಗಿ ಬಂದೆ. ಮನೆಯಲ್ಲಿ ಅತ್ತೆಯೂ ಇಲ್ಲ, ಮಗುವೂ ಇಲ್ಲ. ದೇವರ ಮುಂದಿನ ಅರಿಶಿನದ ಗಂಟೂ ಇಲ್ಲ. ಮಗ್ಗದ ಸದ್ದಿನ ನಡುವೆ ನಮ್ಮೆಜಮಾನರು ಕೂಗಿ ಹೇಳಿದರು: "ದೇವಸ್ಥಾನಕ್ಕೆ ಹೋದ್ರು. ಬಸ್ಸಲ್ಲಿ. ಹೋಗಿ ಆಗ್ಲೇ ಒಂದು ಗಂಟೆ ಆಯ್ತು."

ಸ್ಕೂಟರ್ ತೆಗೆದೆ. ಹದಿನೈದು ಕಿಲೋಮೀಟರ್ ದಾರಿ. ಅರ್ಧ ದಾರಿಯಲ್ಲಿ ಫೋನು ಬಡಿದುಕೊಂಡಿತು. ಊಟದ ಬಿಡುವಿನಲ್ಲಿ ಅವಳು ದಿನವೂ ಮಾಡುವ ಫೋನು. "ಅಕ್ಕ, ಊಟ ಮಾಡಿದ್ನಾ?"

"ಮಾಡ್ದ. ಮಲಗಿದಾನೆ," ಎಂದೆ. ರಸ್ತೆಯ ಲಾರಿ ಹಾರನ್ ಅವಳಿಗೆ ಕೇಳಿತೋ ಏನೋ. ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದು ನನಗೇ ಹೆದರಿಕೆಯಾಯಿತು.

ಮುಡಿ ಕಟ್ಟೆಯ ಮೇಲೆ ಅತ್ತೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತಲೆಯ ವಸ್ತ್ರ ಬಿಚ್ಚಿತ್ತು, ಜುಟ್ಟು ಬಿಚ್ಚಿತ್ತು. ಹುಟ್ಟಿದಾಗಿನಿಂದ ಕತ್ತರಿ ಸೋಕದ ಕೂದಲು ಸೊಂಟದವರೆಗೆ ಒದ್ದೆಯಾಗಿ ಇಳಿದಿತ್ತು. ಕ್ಷೌರದವನು ಹೊಸ ಬ್ಲೇಡು ಮುರಿದು ಕತ್ತಿಗೆ ಸಿಕ್ಕಿಸುತ್ತಿದ್ದ. ನಾನು ಓಡಿಹೋಗಿ ಕೂದಲನ್ನು ಮುಷ್ಟಿಯಲ್ಲಿ ಹಿಡಿದೆ.

"ಬೇಡ ಅತ್ತೆ."

"ಬಿಡೇ! ದೇವ್ರಿಗೆ ಮಾತು ಕೊಟ್ಟಿವ್ನಿ. ನಾಳೆ ಮಗೂಗೆ ಏನಾದ್ರೂ ಆದ್ರೆ ನೀನು ಹೊಣೇನಾ?"

ಆ ಹೆದರಿಕೆ ನನ್ನೊಳಗೂ ಇತ್ತು, ಸುಳ್ಳೇಕೆ. ಕ್ಷೌರದವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ: "ಮೂರು ಕತ್ತರಿ ಹಾಕ್ತೀನಿ ತಾಯಿ. ತುದೀಲಿ ಒಂದಿಷ್ಟು. ಹರಕೆಗೆ ಹರಕೆನೂ ಆಯ್ತು, ಯಾರ್ಗೂ ಗೊತ್ತಾಗಲ್ಲ."

ಅತ್ತೆ ನನ್ನ ಮುಖ ನೋಡಿದರು. ನನ್ನ ಮುಷ್ಟಿ ಸಡಿಲವಾಯಿತು. ಮೂರೇ ಕತ್ತರಿ. ಎರಡೂ ಕಡೆ ನ್ಯಾಯ ಅನ್ನಿಸಿತು. ಆಗ ಮಗು ಎರಡೂ ಕೈಯಿಂದ ತನ್ನ ಕೂದಲನ್ನು ಬಾಚಿ, ದಿನಾ ಬೆಳಗ್ಗೆ ಅವನಮ್ಮ ಮಾಡುವ ಹಾಗೆ ನೆತ್ತಿಗೆ ಸುತ್ತಲು ನೋಡಿದ. ಕೈ ಎಟುಕಲಿಲ್ಲ. ಮತ್ತೆ ಜಾರಿತು, ಮತ್ತೆ ಬಾಚಿದ. ಅಳಲಿಲ್ಲ. ಯಾರ್ಗೂ ಗೊತ್ತಾಗಲ್ಲ ಅಂದದ್ದು ಈ ಮಗುವಿಗೆ ಗೊತ್ತಾಗುತ್ತದಲ್ಲ ಎಂದು ಹೊಳೆದು, ಅವನನ್ನು ಎತ್ತಿಕೊಂಡುಬಿಟ್ಟೆ. ಅತ್ತೆ ಬಾಯಿಗೆ ಬಂದಂತೆ ಬೈದರು. ಆದರೂ ಸ್ಕೂಟರಿನ ಹಿಂದೆ ಕೂತು ಮನೆಗೆ ಬಂದರು.

ಜುಟ್ಟು ಕಟ್ಟಲು ನನಗೂ ಬರಲಿಲ್ಲ. ಸಂಜೆ ಮಗುವಿನ ಅಮ್ಮ ಬಾಗಿಲಲ್ಲೇ ನಿಂತು ಇನ್ನೂ ಆರದ ತಲೆಯನ್ನೂ ಸೊಟ್ಟ ಗಂಟನ್ನೂ ನೋಡಿದಳು. ಮುಚ್ಚಿಡಬಹುದಿತ್ತು. ಎಲ್ಲ ಹೇಳಿದೆ, ಫೋನಿನ ಸುಳ್ಳನ್ನೂ. ಅವಳ ಬೆರಳು ಮಗನ ಕೂದಲ ತುದಿಯನ್ನು ಎಳೆಎಳೆಯಾಗಿ ತಡಕುತ್ತಿತ್ತು.

"ಅವನು ಬದುಕ್ಲಿ ಅಂತ ಬೇಡ್ಕೊಂಡ್ರಿ, ಅದು ನಂಗೆ ಗೊತ್ತು ಅಜ್ಜಿ," ಎಂದಳು. "ನಿಮ್ಮ ದೇವ್ರಿಗೆ ನಾನೂ ಕೈ ಮುಗೀತೀನಿ. ಆದ್ರೆ ಈ ಕೂದಲು ದೇವ್ರು ಕೊಟ್ಟಿದ್ದು. ಅದನ್ನ ಕೊಡೋಕೆ ನಂಗೂ ಹಕ್ಕಿಲ್ಲ. ನಮ್ಮೋರು ಅಂತೀರಿ. ನಮ್ಮೋರನ್ನ ಒಂದು ಮಾತು ಕೇಳಲ್ವಾ?"

ಅತ್ತೆ ಗೋಡೆ ಕಡೆ ತಿರುಗಿ ಕೂತರು.

ಮಾರನೆಯ ದಿನದಿಂದ ಮಗು ಕೆಳಗೆ ಬರಲಿಲ್ಲ. ಅವಳು ರಜೆ ಹಾಕಿ ಮನೆಯಲ್ಲೇ ಉಳಿದಳು. ಮೇಲಿಂದ ಅವನ ಓಡಾಟ ಕೇಳಿದಾಗಲೆಲ್ಲ ನೂಲು ಸುತ್ತುವ ಅತ್ತೆಯ ಕೈ ನಿಲ್ಲುತ್ತಿತ್ತು. ಮನೆ ಖಾಲಿ ಮಾಡುತ್ತಾರೇನೋ ಎಂದು ನಾನು ದಿನಾ ಮೆಟ್ಟಿಲ ಸದ್ದಿಗೆ ಕಿವಿಗೊಡುತ್ತಿದ್ದೆ.

ಮುಂದಿನ ಸೋಮವಾರ ಬೆಳಗ್ಗೆ ಅವಳು ಕಾರ್ಖಾನೆಯ ಬ್ಯಾಗು ತಗುಲಿಸಿಕೊಂಡು, ಮಗುವಿನ ಕೈ ಹಿಡಿದು ಇಳಿದು ಬಂದಳು. ಅವನ ಕೂದಲು ಬಿಚ್ಚಿತ್ತು. ಮರದ ಬಾಚಣಿಗೆಯನ್ನು ಅತ್ತೆಯ ಮುಂದೆ ಹಿಡಿದಳು. "ಇಲ್ಲಿ ಬಿಡ್ಬೇಕು ಅಂದ್ರೆ ಅಜ್ಜಿ, ನೀವು ಇದು ಕಲೀಬೇಕು."

ಅತ್ತೆ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡರು. "ಹರಕೆ ವಿಷ್ಯ ದೇವರ ಹತ್ರ ನಾನೇ ಮಾತಾಡ್ಕೋತೀನಿ," ಎಂದು ಗೊಣಗಿ, ಮಗುವನ್ನು ಎದುರಿಗೆ ಕೂರಿಸಿಕೊಂಡರು. "ಮೊದ್ಲು ಯಾವ ಕಡೆಯಿಂದ ಸುತ್ತೋದು? ತೋರ್ಸವ್ವ."