ಆಮೆನ್ ಅನ್ನದ ಪ್ರಾರ್ಥನೆ

ನಾನು ಬಿ.ಎ. ಪಾಸಾದ ವರ್ಷ ಹರಪನಹಳ್ಳಿಯ ನಮ್ಮ ಸಣ್ಣ ಚರ್ಚಿನಲ್ಲಿ ಅವ್ವ ಕೃತಜ್ಞತೆಯ ಆರಾಧನೆ ಇಡಿಸಿದಳು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಕಂಡವರ ಹೊಲದಲ್ಲಿ ಕಳೆ ಕಿತ್ತು ಓದಿಸಿದವಳು ಅವಳು.

ಪ್ರಾರ್ಥನೆಗೆ ಎದ್ದವರು ಸಭೆಯ ಹಿರಿಯರು. "ಕರ್ತನೇ, ಈ ಹುಡುಗನ ಸೊಕ್ಕು ಮುರಿ. ಮೂಲ ಮರೀದಂಗ ಇವನ್ನ ತಗ್ಗಿಸಿ ಇಡು" ಎಂದರು. ಹಿಂದಿನ ವರ್ಷ ಅವರ ಮಗ ಪಾಸಾದಾಗ ಇದೇ ಬಾಯಿ "ಇನ್ನೂ ಎತ್ತರಕ್ಕ ಏರ್ಸು" ಎಂದು ಬೇಡಿತ್ತು. ನನಗೆ ಮೈ ಉರಿಯಿತು. ದೇವರ ಜೊತೆ ಮಾತಾಡುವ ನೆಪದಲ್ಲಿ ಅವರು ಬೈಯುತ್ತಿದ್ದುದು ನನ್ನನ್ನು. ಕಣ್ಣು ಮುಚ್ಚಿ ನಿಂತವನು ಎದುರಾಡುವ ಹಾಗಿರಲಿಲ್ಲ. ಎಲ್ಲರೂ ಆಮೆನ್ ಅಂದರು. ನಾನು ಅನ್ನಲಿಲ್ಲ.

ಆಗ, ಸಭೆಯಲ್ಲಿ ಎಂದೂ ಬಾಯಿಬಿಡದ ಅವ್ವ ಗಟ್ಟಿಯಾಗಿ ಪ್ರಾರ್ಥಿಸಿದಳು: "ಯಪ್ಪಾ ದೇವರೇ, ನಾವು ತಗ್ಗಿದ್ದು ಸಾಕು. ನನ್ನ ಮಗ ತಲಿ ಎತ್ತಿ ನಡೀಲಿ."

ಆರಾಧನೆ ಮುಗಿದ ಮೇಲೆ ಅದೇ ಅವ್ವ ಮೊದಲ ಚಹಾವನ್ನು ಬಗ್ಗಿ ಆ ಹಿರಿಯರಿಗೇ ಕೊಟ್ಟಳು. ನಾನು ಸಿಡುಕಿದೆ: "ಯವ್ವಾ, ಅವ್ರಿಗ್ಯಾಕ ಕೊಟ್ಟಿ? ಬೈಸ್ಕೊಂಡಿದ್ದು ಸಾಲಲಿಲ್ಲೇನು?"

"ಲೇ, ಇದು ನಾನಾಗೇ ಬಗ್ಗಿದ್ದು. ಅವ್ರು ಬಗ್ಸಿದ್ದಲ್ಲ" ಎಂದಳು.

ದೀನತೆ ಎಂದರೆ ಅಷ್ಟೇ, ತಾನಾಗಿ ಬಗ್ಗುವುದು. ಬೇರೆಯವರ ಕುತ್ತಿಗೆ ಹಿಡಿದು ಬಗ್ಗಿಸಿ, ಅದಕ್ಕೆ ಕ್ರಿಸ್ತನ ಹೆಸರು ಹೇಳುವವರ ಮೇಲಿನ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅವರಲ್ಲಿ ಒಬ್ಬರಾದರೂ ಅವ್ವನಿಗೆ ಒಂದು ಲೋಟ ಚಹಾ ಎತ್ತಿ ಕೊಟ್ಟಿದ್ದನ್ನು ನಾನು ಕಾಣೆ.