ಒಡ್ಡಿಗೆ ಬೆಂಕಿ ಹಚ್ಚುವುದನ್ನು ಬಿಟ್ಟೆ

ನಾನು ಹೆಚ್ಚು ಓದಿದವಳಲ್ಲ. ಹೊಲದ ಒಡ್ಡು ಸ್ವಚ್ಛ ಇಡುವುದನ್ನು ಮಾತ್ರ ಅತ್ತೆಯಿಂದ ಚೆನ್ನಾಗಿ ಕಲಿತಿದ್ದೆ. ನಮ್ಮ ತೆಲಸಂಗದ ಕಡೆ ಒಡ್ಡಿನ ಮೇಲೆ ಹುಲ್ಲು ನಿಂತರೆ ಆ ಮನೆಯ ಹೆಂಗಸು ಮೈಗಳ್ಳಿ ಎನ್ನುತ್ತಾರೆ. ಹಾಗಾಗಿ ಪ್ರತಿ ಬೇಸಿಗೆ, ಜೋಳ ಕೊಯ್ದಾದ ಮೇಲೆ, ನಾನೇ ನಿಂತು ಬೆಂಕಿ ಹಚ್ಚುತ್ತಿದ್ದೆ.

ಒಮ್ಮೆ ಸುಟ್ಟ ಹುಲ್ಲಿನ ಬುಡದಲ್ಲಿ ನೆಲಗುಬ್ಬಿಯ ಗೂಡು ಕಂಡಿತು. ಸುತ್ತ ಸಣ್ಣ ಹರಳು ಜೋಡಿಸಿದ ಪುಟ್ಟ ಕುಣಿ, ಒಳಗೆ ಒಡೆದು ಕಪ್ಪಾದ ಎರಡು ತತ್ತಿ. ನಾನೇನೂ ಅಳಲಿಲ್ಲ. ಮನೆಗೆ ಬಂದು ರೊಟ್ಟಿ ತಿಂದೆ. ಆದರೆ ಬರಬರುತ್ತ ಕಲ್ಲುನೆಲದ ನಮ್ಮ ಮಡ್ಡಿ ಹೊಲ ಮೂಕವಾಯಿತು. ಮೊದಲು ಆ ಹಕ್ಕಿ ಸಿಳ್ಳು ಹಾಕುತ್ತ ಮೇಲೇರಿ, ಎಸೆದ ಕಲ್ಲಿನ ಹಾಗೆ ಕೆಳಗಿಳಿಯುತ್ತಿತ್ತು. ಅದನ್ನು ಓಡಿಸಿದವರಲ್ಲಿ ನಾನೂ ಒಬ್ಬಳು. ಇದು ತಿಳಿಯಲು ಯಾರೂ ಹೇಳಿಕೊಡಬೇಕಾಗಲಿಲ್ಲ.

ಕಡ್ಡಿ ಗೀರುವುದನ್ನು ಬಿಟ್ಟೆ. ಒಡ್ಡಿನ ಕೆಳಗೆ ಎರಡು ಮಾರು ಅಗಲ ಜೋಳದ ಕೂಳೆ ಹಾಗೇ ಇರಲಿ, ಮಳೆ ಬೀಳುವವರೆಗೆ ಯಾರೂ ಕುಂಟೆ ಹೊಡೆದು ಹರಗಬಾರದು ಎಂದು ಮಗನಿಗೆ ಹೇಳಿದೆ.

“ಅವ್ವಾ, ಮಂದಿ ನಗತಾರ.”

“ನಗಲಿ. ಅವರ ಹಲ್ಲಾದ್ರೂ ಬಿಸಲ ಕಾಣಲಿ.”

ಪಕ್ಕದ ಹೊಲದ ನನ್ನ ವಾರಿಗೆಯವಳೂ ಬಿಡಲಿಲ್ಲ. “ಏನ ಬೇ, ಒಡ್ಡಿನ ಮ್ಯಾಲ ಹುಲ್ಲ ಸಾಕೀದಿ. ಕೈ ಸೋತಾವೇನ?”

“ಹತ್ತಿರ ಬಾ, ತೋರಸ್ತೀನಿ.”

ಮೂರನೆಯ ಬೇಸಿಗೆಗೆ ಒಂದು ಜೋಡಿ ಬಂತು. ಕೂಳೆಯ ಮಧ್ಯೆ ಗೂಡು, ಎರಡು ತತ್ತಿ. ಅದೇ ವಾರ ಬಾಡಿಗೆ ಟ್ರ್ಯಾಕ್ಟರ್ ಬಂತು. ನಾನು ಅಥಣಿ ಸಂತೆಗೆ ಹೋಗಿರುತ್ತೇನೆಂದು ತಿಳಿದು ಮಗನೇ ಕಳಿಸಿದ್ದ. ನಾನು ಹೋಗಿರಲಿಲ್ಲ. ಗೂಡಿಗೆ ಅಡ್ಡ ಕುಳಿತೆ.

“ಆಯಿ, ಸರೀರಿ. ನಿಮ್ಮ ಮಗಾ ಪೂರಾ ಹೊಡಿ ಅಂದಾರ” ಎಂದ ಡ್ರೈವರ್.

“ಹೊಲದ ಉತಾರದಾಗ ನನ್ನ ಹೆಸರ ಐತಿ. ಅವಗ ಹೇಳು.”

“ಒಂದ ಗುಬ್ಬಿ ಸಲುವಾಗಿ ಹಿಂಗ ಕುಂಡ್ರೂದೇನ್ರಿ?”

“ಎರಡ ಅದಾವ. ಎಣಸಾಕ ಬರಂಗಿಲ್ಲೇನ ನಿನಗ?”

ಅವನು ಬೀಡಿ ಸೇದಿ ಮುಗಿಸಿದ. ನಾನು ಏಳಲಿಲ್ಲ. ಕೊನೆಗೆ ಆ ಪಟ್ಟಿ ಬಿಟ್ಟು ಉಳಿದದ್ದನ್ನು ಹೊಡೆದು ಹೋದ.

ಸಂಜೆ ಮಗ ಮುಖ ಗಂಟಿಕ್ಕಿಕೊಂಡು ಬಂದ. “ಊರಾಗ ನನ್ನ ಮರ್ಯಾದಿ ತಗದಿ.”

“ಎರಡ ಮಾರಿನಾಗ ಹೋಗೂ ಮರ್ಯಾದಿ ಇದ್ರ ಹೋಗಲಿ. ಉಣ್ಣ ಬಾ.”

ಬಂದು ಉಂಡ. ತತ್ತಿಯೊಡೆದು ಮರಿ ಬಂದು, ಕೆಲವು ವಾರಕ್ಕೆ ಹಾರಿಹೋದವು. ಆಮೇಲೂ ಅವನು ಆ ಪಟ್ಟಿಗೆ ಟ್ರ್ಯಾಕ್ಟರ್ ಕಳಿಸಿಲ್ಲ. ಈಗ ರಸ್ತೆ ಬದಿಯ ಒಡ್ಡಿನ ಮೇಲೂ ಹುಲ್ಲು ಬಿಟ್ಟಿದ್ದೇನೆ, ಹೋಗುವವರು ಬರುವವರು ನೋಡಲಿ ಎಂದೇ.