ಅತ್ತೆ ನೀರು ಹಾಕಿದ ಗಿಡ

ದಪ್ಪ ಎಲೆಯ ಗಿಡಗಳ ಎಳೆಬೇರಿನ ತುದಿ ಕತ್ತರಿಸಿ, ಬಣ್ಣದಲ್ಲಿ ಅದ್ದಿ, ಗಾಜಿನ ಸ್ಲೈಡಿನ ನಡುವೆ ಒತ್ತಿ, ಸೂಕ್ಷ್ಮದರ್ಶಕದಲ್ಲಿ ಕ್ರೋಮೋಸೋಮು ಎಣಿಸುವುದು ಸ್ಲೈಡಕ್ಕನ ಕೆಲಸ. ಓಡುವ ಇರುವೆಯನ್ನು ನಿಲ್ಲಿಸದೆಯೇ ಅದರ ಆರೂ ಕಾಲಿಗೆ ಚಪ್ಪಲಿ ಹೊಲಿದು ತೊಡಿಸುವಂಥ ಕಣ್ಣು ಅವಳದು.

ಒಂದೇ ಕುಲದ ನಾಲ್ಕು ಜಾತಿಯ ಗಿಡಗಳಲ್ಲಿ ಯಾವುದು ಯಾವುದಕ್ಕೆ ಹತ್ತಿರದ ನೆಂಟ ಎಂದು ಹೋಲಿಸಬೇಕಿತ್ತು. ಮೂರರ ಎಣಿಕೆ ಮುಗಿದಿತ್ತು. ನಾಲ್ಕನೆಯ ಜಾತಿಯದು ಇದ್ದದ್ದೇ ಒಂದು ಗಿಡ. ಅದು ಹೊಸ ಬೇರು ಬಿಡುವಷ್ಟರಲ್ಲಿ ಬೆಟ್ಟಗಳೇ ಒಂದಿಷ್ಟು ಬೆಳೆದಿರಬೇಕು. ಅಂತೂ ಬಿಳಿ ತುದಿ ಇಣುಕಿದಾಗ ಗಿಡಗಳಿದ್ದ ಗಾಜಿನ ಮನೆಯ ದುರಸ್ತಿ ಶುರುವಾಯಿತು. ಕುಂಡಗಳನ್ನೆಲ್ಲ ಮನೆಯ ಕಿಟಕಿಯಲ್ಲಿಟ್ಟು ಅವಳು ಒಂದು ವಾರದ ತರಬೇತಿಗೆ ಹೋದಳು. ಬಂದು ಮುಟ್ಟಿದರೆ ಆ ನಾಲ್ಕನೆಯ ಗಿಡ ಬುಡಸಮೇತ ಕೈಗೇ ಬಂತು. ಬೇರು ಕೊಳೆತು ಲೋಳೆಯಾಗಿತ್ತು.

"ಅತ್ತೆ, ನೀರು ಹಾಕಿದ್ರಾ?"

"ಹಾಕದೆ ಇರ್ತೀನಾ? ಮೂರೂ ಹೊತ್ತು! ಇದೊಂದೇ ಬಡಕಲು ಅಂತ ಇದಕ್ಕೇ ಒಂದು ಚೊಂಬು ಜಾಸ್ತಿ. ನೀನು ತಿಂಗಳಾದ್ರೂ ಒಂದು ಹನಿ ತೋರಿಸಲ್ಲ. ಕಲ್ಲು ಮನಸ್ಸು ಕಣೇ ನಿಂದು."

ಕೂಗಾಡೋಣವೆಂದರೆ, ಅವಳನ್ನೂ ಅವಳ ಇಬ್ಬರು ಮಕ್ಕಳನ್ನೂ ಹೀಗೇ ಹೊತ್ತು ಹೊತ್ತಿಗೆ ನೋಡಿಕೊಂಡ ಕೈ ಅದು. ಅಳೋಣವೆಂದರೆ ಅತ್ತೆಯೇ ಮೊದಲು ಅತ್ತಾರು. ಬೆರಳಿಗೆ ಮೆತ್ತಿದ ಲೋಳೆಯಲ್ಲಿ ಎಣಿಸಲು ಏನೂ ಉಳಿದಿರಲಿಲ್ಲ.

ಅತ್ತೆ ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟರು. "ಹೋಗೇಬಿಡ್ತಾ? ಆಗಲೇ ಅಂದ್ಕೊಂಡೆ, ನೀರು ಸಾಲ್ತಾ ಇಲ್ಲ ಅಂತ."

ಚೊಂಬು ತುಂಬಿಸಿಕೊಂಡು ಅವರು ಉಳಿದ ಮೂರರತ್ತ ನಡೆದರು. ಸ್ಲೈಡಕ್ಕ ಓಡಿಹೋಗಿ ಕುಂಡಗಳಿಗೆ ಅಡ್ಡ ನಿಂತಳು.